ಬಾನಿ ಬೋರಲು ಹಾಕಿದ ಡಾಕ್ಟರು: ಸೊಳ್ಳೆ ಜೊತೆ ಬೆಂಗಳೂರಿನ ಹಳೇ ಜಗಳ

ಭಾಗ 1

ಮಳೆ ಶುರುವಾಯ್ತು, ಅದರ ಹಿಂದೆನೇ ಅವೂ ಬಂದವು. ಹಿತ್ತಲಿದ್ದ ಮನೆಯವರಿಗೆ ಗೊತ್ತು, ಅಲ್ಲಿ ನಮ್ಮನ್ನ ಕಾಡೋಕೆ ಒಂದು ಸೈನ್ಯವೇ ಇರುತ್ತೆ. ಮಾವಿನ ಮರದಲ್ಲಿ ಕೆಂಜಿಗ, ಸಜ್ಜಾದ ಕೆಳಗೆ ಗೂಡು ಕಟ್ಟಿದ ಕಣಜದ ಹುಳ, ಹೊಸಲಿನ ಹತ್ತಿರ ಸಾಲು ಹಿಡಿದ ಇರುವೆ. ನಾವು ಹೆದರಿ ಓಡೋದು ಕಣಜಕ್ಕೆ. ಪೊರಕೆ ತುದಿಗೆ ಬಟ್ಟೆ ಸುತ್ತಿ, ಹೊಗೆ ಹಾಕಿ, ಅಕ್ಕಪಕ್ಕದವರನ್ನೆಲ್ಲ ಕರೆದು ದೊಡ್ಡ ಕಾರ್ಯಾಚರಣೆನೇ ಮಾಡ್ತೀವಿ. ಕಣಜ ಕಚ್ಚಿದ್ರೆ ಬಹಳ ಜನಕ್ಕೆ ಒಂದೆರಡು ದಿನ ಊತ, ಉರಿ. ಆದ್ರೆ ಸದ್ದಿಲ್ಲದೆ ಆಸ್ಪತ್ರೆ ವಾರ್ಡ್ ತುಂಬಿಸೋದು ಸೊಳ್ಳೆ. ನಮ್ಮ ಕ್ಲಾಸಲ್ಲೇ ನೋಡಿ, ಈ ಸೆಮಿಸ್ಟರ್ ಇಂಟರ್ನಲ್ಸ್ ತಪ್ಪಿಸಿಕೊಂಡವರಲ್ಲಿ ಎಷ್ಟು ಜನ ಪ್ಲೇಟ್‌ಲೆಟ್ ಲೆಕ್ಕ ಹಾಕ್ತಾ ಮಲಗಿದ್ರು ಅಂತ.

ಹಾಗಾಗಿ ಈ ಸರಣಿ ಸೊಳ್ಳೆ ಬಗ್ಗೆ. ಬಯಾಲಜಿ ಅಲ್ಲ, ಇತಿಹಾಸ. ಇದರ ಒಂದು ಮುಖ್ಯ ದೃಶ್ಯ ನಡೆದಿದ್ದು ನಮ್ಮ ಬೆಂಗಳೂರಲ್ಲೇ, 1883ರಲ್ಲಿ.

ಭಾಗ 2

ರೊನಾಲ್ಡ್ ರಾಸ್ ಹೆಸರು ಹೈಸ್ಕೂಲಲ್ಲಿ ಓದಿರ್ತೀರಿ. ಮಲೇರಿಯಾ, ಸೊಳ್ಳೆ, ನೊಬೆಲ್. ಮೂರು ಪದ, ಒಂದು ಮಾರ್ಕು, ಮುಗೀತು.

ಈತ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಅಪ್ಪ ಸೈನ್ಯದ ಅಧಿಕಾರಿ. ಮಗನಿಗೆ ಕವಿತೆ, ಕಾದಂಬರಿ ಬರೆಯೋ ಹುಚ್ಚು. ಅಪ್ಪನಿಗೆ ಮಗ ಡಾಕ್ಟರ್ ಆಗಬೇಕು. (ಇಷ್ಟು ಓದಿ ಯಾರಾದರೂ ನಕ್ಕಿದ್ರೆ, ನನಗೆ ಅರ್ಥ ಆಗುತ್ತೆ.) ಕೊನೆಗೆ ಅಪ್ಪನೇ ಗೆದ್ದರು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದ ರಾಸ್, 1883ರಲ್ಲಿ ಬೆಂಗಳೂರು ದಂಡಿಗೆ ಹಂಗಾಮಿ ಸರ್ಜನ್ ಆಗಿ ಬಂದ.

ಇರೋಕೆ ಒಳ್ಳೇ ಬಂಗಲೆ ಸಿಕ್ತು. ಊರೂ ಇಷ್ಟವಾಯ್ತು. ಕಾಟ ಒಂದೇ, ಸೊಳ್ಳೆ. ಅದೂ ಬೇರೆಯವರ ಕೋಣೆಗಿಂತ ತನ್ನ ಕೋಣೆಲೇ ಯಾಕೆ ಜಾಸ್ತಿ ಅಂತ ಹುಡುಕಿದಾಗ, ಕಿಟಕಿಯ ಹೊರಗೇ ಒಂದು ನೀರಿನ ಬಾನಿ ಕಂಡಿತು. ಒಳಗೆ ಬಗ್ಗಿ ನೋಡಿದ್ರೆ ಬಳುಕಾಡೋ ಮರಿಹುಳಗಳು. ಬಾನಿಯನ್ನ ಬೋರಲು ಹಾಕಿದ. ಕೋಣೆಯಲ್ಲಿ ಸೊಳ್ಳೆ ಕಮ್ಮಿಯಾಯ್ತು.

ಅಷ್ಟೇ. ಔಷಧಿ ಇಲ್ಲ, ಹೊಗೆ ಇಲ್ಲ, ಖರ್ಚು ಸೊನ್ನೆ.

ನಂಗೆ ಇಷ್ಟವಾಗೋದು ಇದರ ಮುಂದಿನ ಭಾಗ. ಆಫೀಸರುಗಳ ಮೆಸ್ಸಿನಲ್ಲೂ ಹೀಗೇ ಮಾಡೋಣ ಅಂತ ರಾಸ್ ಅಲ್ಲಿನ ಅಡ್ಜುಟೆಂಟ್ ಹತ್ತಿರ ಹೋಗಿ ಹೇಳಿದ. ಅಡ್ಜುಟೆಂಟ್ ಅಂದ್ರೆ ರೆಜಿಮೆಂಟಿನ ಆಡಳಿತ ನೋಡಿಕೊಳ್ಳೋ ಅಧಿಕಾರಿ. ತೋಟದ ತೊಟ್ಟಿ, ಊಟದ ಮೇಜಿನ ಕೆಳಗಿನ ಡಬ್ಬಿ, ಕೊನೆಗೆ ಹೂದಾನಿಯ ನೀರಲ್ಲೂ ಮರಿಗಳಿದ್ದವು. ಆದರೆ ಆ ಅಧಿಕಾರಿ ಮೂಗು ಮುರಿದ. ಸೊಳ್ಳೆಯನ್ನು ಏನೋ ಒಂದು ಕಾರಣಕ್ಕೇ ಸೃಷ್ಟಿ ಮಾಡಿರುವಾಗ ಅದನ್ನ ಸಹಿಸಿಕೊಳ್ಳೋದೇ ನಮ್ಮ ಕರ್ತವ್ಯ, ತೊಟ್ಟಿ ಚೆಲ್ಲಿದ್ರೆ ಪ್ರಕೃತಿಯ ಕ್ರಮ ಕೆಡುತ್ತೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟನಂತೆ! ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನ ಬರೆದುಕೊಂಡಿದ್ದಾನೆ.

ಮೇಜಿನ ಕೆಳಗಿನ ಡಬ್ಬಿ ಅಂದಾಗ ಏನಾದ್ರೂ ನೆನಪಾಯ್ತಾ? ಇರುವೆ ಹತ್ತಬಾರದು ಅಂತ ಮೇಜಿನ ಕಾಲುಗಳನ್ನ ನೀರು ತುಂಬಿದ ಡಬ್ಬಿಯಲ್ಲಿ ಇಡೋ ಪದ್ಧತಿ ಆಗ ಇತ್ತು. ನಮ್ಮ ಅಜ್ಜಿಯರ ಕಾಲದ ಅಡುಗೆಮನೆ ಕಪಾಟಿಗೂ ಇದೇ ಉಪಾಯ. ಅಂದ್ರೆ ಇರುವೆ ತಪ್ಪಿಸೋಕೆ ಹೋಗಿ ಸೊಳ್ಳೆಗೆ ಬಾಣಂತಿ ಕೋಣೆ ಕಟ್ಟಿಕೊಟ್ಟ ಹಾಗಾಯ್ತು.

ಭಾಗ 3

ಗಮನಿಸಿ, 1883ರಲ್ಲಿ ಸೊಳ್ಳೆಯಿಂದ ಮಲೇರಿಯಾ ಬರುತ್ತೆ ಅಂತ ಇನ್ನೂ ಸಾಬೀತಾಗಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅನ್ನೋದು ಹಳೇ ನಂಬಿಕೆ. ಮಲೇರಿಯಾ ಅನ್ನೋ ಪದದ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ರಾಸ್ ಬಾನಿ ಚೆಲ್ಲಿದ್ದು ನಿದ್ದೆಗೋಸ್ಕರ, ವಿಜ್ಞಾನಕ್ಕಲ್ಲ.

ವಿಜ್ಞಾನ ಆಮೇಲೆ ಬಂತು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನೋ ವೈದ್ಯರು ಸೊಳ್ಳೆಯ ಮೇಲೆ ತಮಗಿರೋ ಅನುಮಾನವನ್ನ ರಾಸ್ ತಲೆಗೆ ಹಾಕಿದರು. 1895ರಲ್ಲಿ ಈತ ಸಿಕಂದರಾಬಾದಿಗೆ ಬಂದು ಸೊಳ್ಳೆ ಕತ್ತರಿಸಿ ನೋಡೋಕೆ ಕೂತ. ನಡುವೆ ಕಾಲರಾ ಅಂತ ಮತ್ತೆ ಬೆಂಗಳೂರಿಗೆ ಕಳಿಸಿದರು, ಊರಿನ ನೈರ್ಮಲ್ಯದ ಕೆಲಸದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಹೋಯ್ತು. 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಸಿಕ್ಕಿತು. ಅದಕ್ಕೇ ಆಗಸ್ಟ್ 20 ವಿಶ್ವ ಸೊಳ್ಳೆ ದಿನ. 1902ರಲ್ಲಿ ನೊಬೆಲ್.

ಆ ಸೊಳ್ಳೆ ರಕ್ತ ಕುಡಿದಿದ್ದು ಯಾರದ್ದು? ಹುಸೇನ್ ಖಾನ್ ಅನ್ನೋ ಮಲೇರಿಯಾ ರೋಗಿಯದ್ದು. ಕಚ್ಚಿಸಿಕೊಂಡಿದ್ದಕ್ಕೆ ಸೊಳ್ಳೆಗೆ ಒಂದಾಣೆಯಂತೆ ಕೂಲಿ. ಹದಿನಾರು ಆಣೆಗೆ ಒಂದು ರೂಪಾಯಿ, ಅಂದ್ರೆ ಒಂದು ರೂಪಾಯಿ ದುಡಿಯೋಕೆ ಜ್ವರದ ಮೈಯನ್ನ ಹದಿನಾರು ಸೊಳ್ಳೆಗೆ ಒಡ್ಡಬೇಕು. ನಮ್ಮ ಪಠ್ಯಪುಸ್ತಕದ ಆ ಒಂದು ಮಾರ್ಕಿನ ಉತ್ತರದಲ್ಲಿ ಈತನ ಹೆಸರೂ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಭಾಗ 4

ಕಂಡುಹಿಡಿದ ಮೇಲೆ ರಾಸ್ ಮತ್ತೆ ಬಾನಿಗೇ ಬಂದ. ಊರೂರಿಗೆ ಸೊಳ್ಳೆ ದಳ ಕಟ್ಟಿ, ವಾರವಾರ ಮನೆಮನೆ ಸುತ್ತಿ, ಡಬ್ಬಿ ತೊಟ್ಟಿ ಖಾಲಿ ಮಾಡಿಸಿ, ಗುಂಡಿ ಮುಚ್ಚಿಸಿ ಅನ್ನೋದು ಆತನ ವಾದ. ಸೂಯೆಜ್ ಕಾಲುವೆ ದಡದ ಇಸ್ಮೈಲಿಯಾ ಊರಲ್ಲಿ 1902ರ ನಂತರ ಇದು ಕೆಲಸ ಮಾಡಿತು, ಕೆಲವೇ ವರ್ಷದಲ್ಲಿ ಅಲ್ಲಿ ಮಲೇರಿಯಾ ಹೆಚ್ಚುಕಮ್ಮಿ ನಿಂತುಹೋಯ್ತು. ಲಾಹೋರ್ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ಮಾತ್ರ ಸೋತಿತು. ಸುತ್ತ ನೀರಾವರಿ ಕಾಲುವೆ, ಒಂದು ಕಡೆ ಒಣಗಿಸಿದ್ರೆ ಇನ್ನೊಂದು ಕಡೆಯಿಂದ ಸೊಳ್ಳೆ. ಪೂರ್ತಿ ಮನಸ್ಸಿಟ್ಟು ಮಾಡಿಲ್ಲ ಅಂತ ರಾಸ್, ಇದು ಆಗೋ ಕೆಲಸವಲ್ಲ ಅಂತ ಸರ್ಕಾರದ ಕಡೆಯ ಡಾಕ್ಟರುಗಳು. ಇಬ್ಬರ ಜಗಳ ವರ್ಷಗಟ್ಟಲೆ ನಡೀತು.

ನಮ್ಮ ಮೈಸೂರು ಸಂಸ್ಥಾನ ಸುಮ್ಮನೆ ಕೂತಿರಲಿಲ್ಲ. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನ ಶುರುಮಾಡಿತು. ಅದರಲ್ಲೊಂದು ಸಂಗತಿ ಕೇಳಿ. ಅನಾಫಿಲಿಸ್ ಸ್ಟೀಫನ್ಸಿ ಅಂತ ಒಂದು ಸೊಳ್ಳೆ ಇದೆ. ಇದರ ಮೊಟ್ಟೆಯ ಎರಡು ಬದಿಗೂ ನೀರಲ್ಲಿ ತೇಲೋಕೆ ಪುಟ್ಟ ಗಾಳಿಚೀಲದಂಥ ಭಾಗ, ಅದರ ಮೇಲೆ ಗೆರೆ ಗೆರೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಅನ್ನೋ ಇಬ್ಬರು ಆ ಗೆರೆಗಳನ್ನ ಎಣಿಸಿ, ಈ ಸೊಳ್ಳೆಯಲ್ಲೇ ಬೇರೆ ಬೇರೆ ಬಗೆ ಇದೆ ಅಂತ ತೋರಿಸಿದರು. ಕಮ್ಮಿ ಗೆರೆಯ ಬಗೆಗೆ ಇಟ್ಟ ಹೆಸರು ಮೈಸೋರೆನ್ಸಿಸ್. ಮೈಸೂರು ಪಾಕ್, ಮೈಸೂರು ಮಲ್ಲಿಗೆ ಜೊತೆ ಮೈಸೂರು ಸೊಳ್ಳೆನೂ ಇದೆ, ಹೆಮ್ಮೆ ಪಡೋದೋ ಬೇಡ್ವೋ ನೀವೇ ಹೇಳಿ. ಜಾಸ್ತಿ ಗೆರೆಯ ಬಗೆ ಪೇಟೆ ಸೊಳ್ಳೆ: ಬಾವಿ, ತೊಟ್ಟಿ, ಮುಚ್ಚಳ ಸರಿ ಇಲ್ಲದ ಓವರ್‌ಹೆಡ್ ಟ್ಯಾಂಕ್ ಅಂದ್ರೆ ಅದಕ್ಕೆ ಸ್ವಂತ ಮನೆ. ನಮ್ಮ ಕಡೆಯ ಈ ಸ್ಟೀಫನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಪತ್ತೆಯಾಯ್ತು, ಈಗ ಅಲ್ಲಿನ ಪಟ್ಟಣಗಳಿಗೆ ಹೊಸ ತಲೆನೋವು.

ಭಾಗ 5

ಬಾನಿಯನ್ನ ಎಲ್ಲರೂ ಮರೆತಿದ್ದು ಡಿಡಿಟಿ ಬಂದಾಗ.

1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯುಲ್ಲರ್ ಅದು ಕೀಟ ಕೊಲ್ಲೋದನ್ನ ಕಂಡುಕೊಂಡರು, 1948ರಲ್ಲಿ ನೊಬೆಲ್ ಬಂತು. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು. ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ ಜ್ವರ. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು, 1958ರಲ್ಲಿ ನಿಯಂತ್ರಣ ಅನ್ನೋ ಪದ ತೆಗೆದು ನಿರ್ಮೂಲನೆ ಅಂತಲೇ ಹಾಕಿದರು. ಪಂಪು ಹೆಗಲಿಗೇರಿಸಿದ ನೌಕರರು ಹಳ್ಳಿ ಹಳ್ಳಿಗೆ ಹೋಗಿ ಒಳಗೋಡೆಗೆ ಮದ್ದು ಹೊಡೆದರು. ರಕ್ತ ಕುಡಿದ ಸೊಳ್ಳೆ ಗೋಡೆ ಮೇಲೆ ಸುಧಾರಿಸಿಕೊಳ್ಳೋಕೆ ಕೂರುತ್ತೆ, ಕೂತಲ್ಲೇ ಸಾಯುತ್ತೆ. 1965ರ ಹೊತ್ತಿಗೆ ದೇಶದಲ್ಲಿ ಸುಮಾರು 1 ಲಕ್ಷ ಪ್ರಕರಣ ಮಾತ್ರ.

ಇದನ್ನ ಸಣ್ಣದು ಅನ್ನೋಕೆ ನಾನು ತಯಾರಿಲ್ಲ. ಡಿಡಿಟಿ ಅಂದ್ರೆ ವಿಷ ಅಂತಷ್ಟೇ ಓದಿರೋ ನಮಗೆ ಈ ಅಂಕಿ ಗೊತ್ತಿರಬೇಕು. ಲಕ್ಷಾಂತರ ಜೀವ ಉಳಿದಿದೆ.

ಆದರೆ 1976ರಲ್ಲಿ ಎಷ್ಟು ಗೊತ್ತಾ? 64 ಲಕ್ಷ. ಹನ್ನೊಂದು ವರ್ಷಕ್ಕೆ 64 ಪಟ್ಟು.

ಏನಾಯ್ತು ಅಂದ್ರೆ, ಮದ್ದಿಗೆ ಸಾಯದೆ ಉಳಿದ ಕೆಲವು ಸೊಳ್ಳೆಗಳೇ ಮುಂದಿನ ಪೀಳಿಗೆಗೆ ಅಪ್ಪ ಅಮ್ಮ ಆದವು, ಮಕ್ಕಳಿಗೂ ಮದ್ದು ನಾಟಲಿಲ್ಲ. ಹೊಲಕ್ಕೂ ಅದೇ ಡಿಡಿಟಿ ಸುರಿದಿದ್ದರಿಂದ ಸೊಳ್ಳೆಗೆ ಪ್ರಾಕ್ಟೀಸ್ ಇನ್ನೂ ಚೆನ್ನಾಗಿ ಆಯ್ತು. ಗೆದ್ದಾಯ್ತು ಅಂತ ನಿಗಾ ಸಡಿಲವಾಯ್ತು. ಜೊತೆಗೆ ಮನೆಯವರ ಕಷ್ಟ: ಗೋಡೆ ತುಂಬ ಬಿಳಿ ಕಲೆ, ವಾಸನೆ. ಹಬ್ಬ ಬಂದ್ರೆ ಗೋಡೆ ಸಾರಿಸ್ತಾರೆ, ಸುಣ್ಣ ಬಳೀತಾರೆ, ಮದ್ದು ಅಡಿಗೆ ಹೋಗುತ್ತೆ. ಅವರನ್ನ ಬೈಯೋಕಾಗಲ್ಲ, ಮನೆ ಅವರದ್ದು. 1989ರಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸೋದನ್ನ ನಿಲ್ಲಿಸಿದರು, ಆರೋಗ್ಯ ಇಲಾಖೆಯ ಬಳಕೆ ಮಾತ್ರ ಉಳೀತು.

ಭಾಗ 6

ಇನ್ನು ಕೋಲಾರದ ಕಥೆ. ಇದನ್ನ ಹೇಳೋಕೇ ಇಷ್ಟು ದೂರ ಕರ್ಕೊಂಡು ಬಂದೆ.

ರೇಷ್ಮೆ ಸಾಕೋ ಮನೆಗೆ ಸೊಳ್ಳೆ ಮದ್ದು ಹೊಡೆಯೋ ಹಾಗಿಲ್ಲ. ರೇಷ್ಮೆ ಹುಳವೂ ಹುಳವೇ ತಾನೇ, ಮದ್ದಿಗೆ ಭೇದ ಗೊತ್ತಿಲ್ಲ. ಚಂದ್ರಂಕಿ ತುಂಬ ಗೂಡು ಕಟ್ಟೋಕೆ ರೆಡಿಯಾದ ಹುಳ ಇರುವಾಗ ಸ್ಪ್ರೇ ಹೊಡೆದ್ರೆ ಒಂದು ಬೆಳೆ ಪೂರ್ತಿ ಹೋಯ್ತು, ಸಾಲ ಹಾಗೇ ಉಳೀತು. ಜ್ವರ ಬಂದ್ರೆ ಬರಲಿ, ಹುಳ ಸಾಯಬಾರದು ಅಂತ ಜನ ಬಾಗಿಲು ಹಾಕಿಕೊಂಡರು. ಲೆಕ್ಕದ ವಿದ್ಯಾರ್ಥಿಯಾಗಿ ಹೇಳ್ತೀನಿ, ಅವರ ಲೆಕ್ಕ ಸರಿಯಾಗೇ ಇತ್ತು.

ಆಗ ಮಲೇರಿಯಾ ಸಂಶೋಧಕರು 1990ರ ದಶಕದಲ್ಲಿ ಕಾಮಸಮುದ್ರಂ ಕಡೆಯ ಹಳ್ಳಿಗಳಲ್ಲಿ ನೀರಿಗೇ ಇಳಿದರು. ಬಾವಿ ತೊಟ್ಟಿಗಳಿಗೆ ಸೊಳ್ಳೆ ಮರಿ ತಿನ್ನೋ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟರು. ಬಾವಿ ಬೋರಲು ಹಾಕೋಕೆ ಆಗಲ್ಲವಲ್ಲ, ಅದಕ್ಕೆ ಮೀನು. ಮಲೇರಿಯಾ ಇಳೀತು, ರೇಷ್ಮೆಯೂ ಉಳೀತು. (ಇದನ್ನ ಓದಿ ಯಾರೂ ಕೆರೆಗೆ ಗ್ಯಾಂಬೂಸಿಯಾ ಬಿಡೋಕೆ ಹೋಗಬೇಡಿ, ನಮ್ಮ ಊರಿನ ಮೀನಿನ ಮೊಟ್ಟೆ ಮರಿಗಳನ್ನೂ ಅದು ಬಿಡಲ್ಲ.)

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ನಮ್ಮ ಬೀದಿಗೆ ಫಾಗಿಂಗ್ ಗಾಡಿ ಬಂದ್ರೆ ನಾವೆಲ್ಲ ರೀಲ್ಸ್ ಮಾಡ್ತೀವಿ. ಹೊಗೆ ಕಾಣುತ್ತೆ, ಸದ್ದು ಕೇಳುತ್ತೆ, ಯಾರೋ ಕೆಲಸ ಮಾಡಿದ್ರು ಅನ್ನಿಸುತ್ತೆ. ಅದಕ್ಕೆ ಬಿಲ್ ಇದೆ, ಟೆಂಡರ್ ಇದೆ. ಬಾನಿ ಬೋರಲು ಹಾಕೋದಕ್ಕೆ ಬಿಲ್ ಆಗಲ್ಲ, ಫೋಟೋನೂ ಚೆನ್ನಾಗಿ ಬರಲ್ಲ. ಹೊಗೆ ಸಾಯಿಸೋದು ಹಾರಾಡೋ ಸೊಳ್ಳೆಯನ್ನ ಮಾತ್ರ. ನೀರಲ್ಲಿರೋ ಮರಿ ಮುಂದಿನ ವಾರಕ್ಕೆ ರೆಕ್ಕೆ ಕಟ್ಟಿಕೊಂಡು ಬರುತ್ತೆ.

ಡೆಂಗ್ಯೂ ವಿಷಯದಲ್ಲಂತೂ ರಣರಂಗ ನಮ್ಮ ಹಿತ್ತಲೇ. ಈಡಿಸ್ ಸೊಳ್ಳೆ ಹಗಲು ಹೊತ್ತು ಕಚ್ಚುತ್ತೆ, ಕೊಚ್ಚೆಗಿಂತ ಮನೆ ಸುತ್ತಲಿನ ತಿಳಿ ನೀರೇ ಅದಕ್ಕೆ ಇಷ್ಟ. ಮೂಲೆಗೆ ಹಾಕಿದ ಒರಳು ಕಲ್ಲು, ಕುಂಡದ ಕೆಳಗಿನ ತಟ್ಟೆ, ಎಳನೀರಿನ ಬುರುಡೆ, ಹಳೇ ಟೈರು, ನಲ್ಲಿ ಯಾವಾಗ ಬರುತ್ತೋ ಅಂತ ತುಂಬಿಟ್ಟ ಡ್ರಮ್ಮು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗಳಿಗೆ ದಂಡ ಇಟ್ಟಿತು: ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಡ್ಜುಟೆಂಟ್ ಸಾಹೇಬರು ಇವತ್ತು ಇದ್ದಿದ್ರೆ ರಸೀದಿ ಕೈಗೆ ಬರ್ತಿತ್ತು. ನಿತ್ಯ ನೀರು ಬಾರದ ಓಣಿಯವರು ಡ್ರಮ್ಮು ತುಂಬಿಡದೆ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಮಾತ್ರ ದಂಡದ ರಸೀದಿಯಲ್ಲಿ ಉತ್ತರ ಇಲ್ಲ.

ರಾಸ್ ವಿಧಾನಕ್ಕೆ ಒಂದು ತಿದ್ದುಪಡಿ ಬೇಕು. ಈಡಿಸ್ ಮೊಟ್ಟೆ ಇಡೋದು ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ನೀರು ಚೆಲ್ಲಿದ್ರೂ ಮೊಟ್ಟೆ ಅಲ್ಲೇ ಇರುತ್ತೆ, ತಿಂಗಳುಗಟ್ಟಲೆ ಒಣಗಿದ್ರೂ ಸಾಯಲ್ಲ, ಮತ್ತೆ ನೀರು ತಾಗಿದಾಗ ಒಡೆಯುತ್ತೆ. ಹಾಗಾಗಿ ವಾರಕ್ಕೊಂದು ಸಲ ಖಾಲಿ ಮಾಡಿ, ಒಳಗಡೆ ನಾರು ಹಾಕಿ ಗಸಗಸ ಉಜ್ಜಿ, ಆಮೇಲೆ ತುಂಬಿಸಿ, ಮೇಲೆ ಬಟ್ಟೆ ಬಿಗಿಯಾಗಿ ಕಟ್ಟಿ.

ನಿಮ್ಮ ಅಜ್ಜಿ ಮನೆಯಲ್ಲಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಈಗಲೂ ಇದೆಯಾ? ಇದ್ರೆ ಒಂದು ಸಲ ಬಗ್ಗಿ ನೋಡಿ, ಏನು ಕಂಡಿತು ಅಂತ ಕಾಮೆಂಟಲ್ಲಿ ಹಾಕಿ.