ವಿಡಿಭಾಗಾಲು, ಬಿಡಿಭಾಗಗಳು

ನಾವು ಬಿಡಿಭಾಗ ಎನ್ನುವುದಕ್ಕೆ ತೆಲುಗರು ‘ವಿಡಿಭಾಗಾಲು’ ಎನ್ನುತ್ತಾರೆ. ಅವರ ವೇಪ ನಮ್ಮಲ್ಲಿ ಬೇವು ಆದ ಹಾಗೇ ಇದೂ. ಲಿಪಿಯೂ ಅಕ್ಕತಂಗಿಯರ ಮುಖದ ಹಾಗೆ ಹೋಲುವುದರಿಂದ, ತೊಂಬತ್ತರ ದಶಕದಲ್ಲಿ ವಿಜಯವಾಡಕ್ಕೆ ವರ್ಗವಾಗಿ ಬಂದ ನನ್ನಂಥ ಕನ್ನಡಿಗನಿಗೆ ಅಂಗಡಿ ಬೋರ್ಡು ಓದುವುದು ಕಷ್ಟವಾಗಲಿಲ್ಲ. ನಮ್ಮ ಬ್ಯಾಂಕಿನ ಸಾಲಗಾರರಲ್ಲಿ ಬಹಳ ಮಂದಿ ಈ ವಿಡಿಭಾಗಗಳ ವ್ಯಾಪಾರಿಗಳೇ. ಅವರ ಗೋಡೌನು ನೋಡುತ್ತಾ ನೋಡುತ್ತಾ ಒಂದು ಸಣ್ಣ ಚರಿತ್ರೆಯೇ ನನ್ನ ಕಣ್ಣೆದುರು ನಡೆದುಹೋಯಿತು. ಊರಿನ ಓದುಗರಿಗೆ ಅದನ್ನು ಹೇಳಬೇಕೆನಿಸಿತು.

ವಿಜಯವಾಡ ಎಂದರೆ ಕೂಡುದಾರಿ. ಮದರಾಸು–ಕಲ್ಕತ್ತ ಹೆದ್ದಾರಿಯೂ ಹೈದರಾಬಾದು–ಮಚಲೀಪಟ್ಟಣ ಹೆದ್ದಾರಿಯೂ ಇಲ್ಲಿ ಸೇರುತ್ತವೆ. ಕೃಷ್ಣೆಗೆ ಪ್ರಕಾಶಂ ಬ್ಯಾರೇಜು 1957ರಲ್ಲಿ ಬಂದ ಮೇಲೆ ನದಿ ದಾಟುವುದೂ ಸಲೀಸಾಯಿತು. ಲಾರಿ ಹೆಚ್ಚಿದಂತೆ ರಿಪೇರಿಯವರೂ ಹೆಚ್ಚಿದರು. ಅವರಿಗೆಲ್ಲ ಒಂದೇ ಕಡೆ ನೆಲೆಯಾಗಲೆಂದು 1960ರ ದಶಕದಲ್ಲಿ ಹುಟ್ಟಿದ್ದು ಜವಾಹರ್ ಆಟೋನಗರ್. ವಿಶಾಖಪಟ್ಟಣದ ಗಾಜುವಾಕದಲ್ಲೂ ಒಂದು ಆಟೋನಗರ್ ಇದೆ. ಉಕ್ಕಿನ ಕಾರ್ಖಾನೆಯವರ ‘ಉಕ್ಕುನಗರಂ’ ಅಲ್ಲಿಗೆ ಹತ್ತಿರ. ಆ ಹೆಸರು ಓದಿದಾಗಲೆಲ್ಲ ನನಗೆ ಭದ್ರಾವತಿ ನೆನಪಾಗುವುದು.

ಆಗೆಲ್ಲ ಬಿಡಿಭಾಗ ಹುಡುಕುವುದು ಹೇಗೆ? ಸವೆದ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಬರಿಗೈಲಿ ಹೋಗಿ ಹೆಸರು ಹೇಳಿದರೆ ಅಂಗಡಿಯವನು “ಪಾತದಿ ಪಟ್ಟುಕುರಂಡಿ ಸಾರ್” ಅಂತಿದ್ದ. ಹಳೇದು ತಗೊಂಡು ಬನ್ನಿ ಅಂತ. ತಂದದ್ದನ್ನು ಅಂಗೈ ಮೇಲಿಟ್ಟು ತಿರುಗಿಸಿ, ಉಗುರಿನಿಂದ ಗ್ರೀಸು ಕೆರೆದು, ಏಣಿ ಹತ್ತಿ ಮೇಲಿನ ಡಬ್ಬದಿಂದ ಅದರ ಜೋಡಿ ತೆಗೆಯುತ್ತಿದ್ದ. ನಾನು ಸ್ಟಾಕ್ ಪರಿಶೀಲನೆಗೆ ಹೋದಾಗ ಲೆಕ್ಕದ ಪುಸ್ತಕದಲ್ಲಿ ಸಾಮಾನಿನ ಹೆಸರು, ಬೆಲೆ ಇರುತ್ತಿತ್ತು. ಯಾವ ಡಬ್ಬದಲ್ಲಿ ಏನಿದೆ ಎನ್ನುವುದು ಮಾತ್ರ ಮಾಲೀಕನ ತಲೆಯಲ್ಲಿ. ವರ್ಷಗಟ್ಟಲೆ ಅಲುಗದ ಸರಕನ್ನು ನಾವು ‘ಡೆಡ್ ಸ್ಟಾಕ್’ ಎಂದು ಕಳೆದು ಡ್ರಾಯಿಂಗ್ ಪವರ್ ಕಟ್ಟುತ್ತಿದ್ದೆವು. “ಮೇನೇಜರ್ ಗಾರು, ಇದೇ ಒಂದಿನ ಯಾರದೋ ಮೋಟರು ಓಡಿಸುತ್ತೆ” ಎಂದು ಅವರು ನಗುತ್ತಿದ್ದರು. ಬ್ಯಾಂಕಿನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಈ ಅಂಗಡಿಗಳಲ್ಲಿ ನಮ್ಮ ಕರ್ನಾಟಕವೂ ಇತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ (2008ರಿಂದ ಬಾಷ್) ಕಂಪೆನಿಯ ಸ್ಪಾರ್ಕ್ ಪ್ಲಗ್ಗು ಬೇಕಾದವರು ‘ಮೈಕೊ ಇವ್ವಂಡಿ’ ಎಂದೇ ಕೇಳುತ್ತಿದ್ದರು. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಎಸ್‌ಟಿ ಕಂಪೆನಿ ಜಪಾನಿನ ಮಿತ್ಸುಬಿಶಿ ಜೊತೆ ಸೇರಿ ಪವರ್ ಟಿಲ್ಲರ್ ಮಾಡಿತು. ಬೆಂಗಳೂರಿನ ಸರಕು ಇಲ್ಲಿಗೆ ಬರಬೇಕಾದರೆ ಕೇಂದ್ರ ಮಾರಾಟ ತೆರಿಗೆ, ಸಿ ಫಾರಂ, ಚೆಕ್‌ಪೋಸ್ಟು ಎಲ್ಲ ದಾಟಬೇಕಿತ್ತು. ಅಷ್ಟು ಹೊತ್ತು ರೈತ ಕಾಯಲಾರ. ಅದಕ್ಕೇ ವ್ಯಾಪಾರಿ ಸಾಲ ಮಾಡಿಯಾದರೂ ಗೋಡೌನು ತುಂಬುತ್ತಿದ್ದ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟುಗಳು ಹೋದವು.

ಇಷ್ಟರಲ್ಲಿ ಸಣ್ಣ ಇಂಜಿನ್ನುಗಳ ಕಾಲ ಬಂದಿತ್ತು. 1985ರಲ್ಲಿ ಶ್ರೀರಾಮ್ ಹೋಂಡಾ ಎಂದು ಸ್ಥಾಪನೆಯಾದ ಕಂಪೆನಿಯ ಪುಟ್ಟ ಜನರೇಟರುಗಳು ಕರೆಂಟು ಹೋದ ಅಂಗಡಿಗಳ ಮುಂದೆ ಗುರ್ ಅನ್ನತೊಡಗಿದವು. ಆಮೇಲೆ ಪೆಟ್ರೋಲ್ ಪಂಪು, ಔಷಧಿ ಹೊಡೆಯುವ ಸ್ಪ್ರೇಯರು, ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಚ್ಚುವ ಮೆಷಿನ್ನು, ಮರ ಕೊಯ್ಯುವ ಚೈನ್ ಗರಗಸ. ಲಾರಿಯ ಮಾಡೆಲು ಹತ್ತು ವರ್ಷ ನಡೆಯುತ್ತದೆ. ಇವುಗಳದು ಹಾಗಲ್ಲ, ನೋಡಲು ಒಂದೇ ಥರ, ಕಾರ್ಬೊರೇಟರಿನ ಒಳಗಿನ ತೆಳು ಪೊರೆ ಮಾತ್ರ ಬೇರೆ. ಕಣ್ಣಳತೆಗೆ ಸಿಗದ ಈ ವ್ಯತ್ಯಾಸದಿಂದಾಗಿ ಪಾರ್ಟ್ ನಂಬರಿಗೆ ಬೆಲೆ ಬಂತು. ಮೊದಲು ಕಂಪೆನಿಯವರು ದಪ್ಪ ಪುಸ್ತಕ ಕೊಡುತ್ತಿದ್ದರು, ಆಮೇಲೆ ಸಿಡಿ ಬಂತು, ಕೊನೆಗೆ ಡೀಲರುಗಳ ಪೋರ್ಟಲ್.

ವಿಶಾಖಪಟ್ಟಣದ ಡೀಲರೊಬ್ಬರು ಅದನ್ನು ನನಗೆ ತೋರಿಸಿದರು. ಮೆಷಿನ್ನಿನ ತಗಡಿನ ಮೇಲಿರುವ ಮಾಡೆಲ್ ನಂಬರು, ಸೀರಿಯಲ್ ನಂಬರು ಹಾಕಿದರೆ ಇಡೀ ಇಂಜಿನ್ನು ಬಿಚ್ಚಿ ಹರಡಿಟ್ಟ ಹಾಗೆ ಚಿತ್ರ ಬರುತ್ತದೆ. ಒಂದೊಂದು ತುಣುಕಿಗೂ ಅಂಕಿ. ಅಂಕಿ ಒತ್ತಿದರೆ ಪಾರ್ಟ್ ನಂಬರು, ಬೆಲೆ, ಯಾವ ಡಿಪೋದಲ್ಲಿ ಎಷ್ಟಿದೆ ಎಂಬ ಲೆಕ್ಕ. ಹಳೆಯ ನಂಬರು ರದ್ದಾಗಿ ಹೊಸದು ಬಂದಿದ್ದರೆ ಅದನ್ನೂ ಹೇಳುತ್ತದೆ. ಲಕ್ಷಗಟ್ಟಲೆ ಸರಕು ಕೂಡಿಡುವ ಅಗತ್ಯವಿಲ್ಲ, ಬಡ್ಡಿ ಉಳಿಯಿತು. ಬ್ಯಾಂಕಿನವನಾಗಿ ನನಗೆ ಇದು ಹಿಡಿಸಿತು.

ಆದರೆ 2014ರ ಅಕ್ಟೋಬರ್ 12 ನನ್ನ ಲೆಕ್ಕವನ್ನು ಸ್ವಲ್ಪ ಅಲ್ಲಾಡಿಸಿತು. ಅಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣದ ಮೇಲೇ ಬಂದಿತು. ಗಂಟೆಗೆ 180 ಕಿಲೋಮೀಟರ್ ಆಸುಪಾಸಿನ ಗಾಳಿ. ವಿಮಾನ ನಿಲ್ದಾಣದ ಚಾವಣಿ ಕಿತ್ತಿತು, ಊರಿಡೀ ಮರಗಳು ಮಲಗಿದವು. ಕರೆಂಟಿಲ್ಲ, ಫೋನಿಲ್ಲ, ಎಟಿಎಂ ಇಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾದ ಹಿರಿಯರೊಬ್ಬರಿದ್ದರು. ಬೀದಿಗೆ ಅಡ್ಡ ಎರಡು ಮರ ಬಿದ್ದಿದ್ದವು. ಬಾಡಿಗೆಗೆ ತಂದ ಗರಗಸ ಮೊದಲ ಮರದಲ್ಲೇ ನಿಂತುಹೋಯಿತು. ಕೊಂಬೆಯೊಳಗೆ ಸೇರಿಕೊಂಡಿದ್ದ ತಂತಿಗೆ ಸಿಕ್ಕಿ ಚೈನು ತುಂಡಾಗಿತ್ತು. ಪೋರ್ಟಲ್ ನೋಡೋಣವೆಂದರೆ ಇಂಟರ್ನೆಟ್ಟೇ ಸತ್ತಿತ್ತು.

ಗರಗಸದ ಹುಡುಗ ತುಂಡು ಚೈನನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ಮೇಲೆ ಗಾಜುವಾಕಕ್ಕೆ ಹೋದ. ಅಲ್ಲಿನ ಮುದುಕರೊಬ್ಬರು ಟಾರ್ಚಿನ ಬೆಳಕಲ್ಲಿ ಅದರ ಕೊಂಡಿ ಎಣಿಸಿ, ಅಟ್ಟದಿಂದ ಹಳೇ ಸರಕೊಂದನ್ನು ಇಳಿಸಿ, ಎರಡು ಕೊಂಡಿ ತೆಗೆದು ಬೆಸೆದು ಕೊಟ್ಟರಂತೆ. ಸಂಜೆಗೆ ದಾರಿ ತೆರೆಯಿತು. ಹಿರಿಯರನ್ನು ಆಸ್ಪತ್ರೆಗೆ ಸಾಗಿಸಿದೆವು. ನಮ್ಮ ಕಾಗದದಲ್ಲಿ ಆ ಚೈನು ಖಂಡಿತ ಡೆಡ್ ಸ್ಟಾಕ್.

ಇದರಿಂದ ಪೋರ್ಟಲ್ ಬೇಡ ಎನ್ನಲಾದೀತೇ? ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಳ್ಳುವ ನನ್ನ ತಮ್ಮ ಒಂದು ಮಳೆಗಾಲದಲ್ಲಿ ಫೋನು ಮಾಡಿದ. “ಅಣ್ಣಾ, ಹುಲ್ಲು ಮೆಷಿನ್ ನಿಂತು ಹದಿನೈದು ದಿನ ಆಯ್ತು. ಪಾರ್ಟ್ ನಂಬರ್ ತನ್ನಿ ಅಂತಾರೆ ಶಿವಮೊಗ್ಗದಲ್ಲಿ. ಅದನ್ನ ಎಲ್ಲಿಂದ ತರ್ಲಿ?” ಪೋರ್ಟಲ್ ತೆರೆಯಲು ಡೀಲರ್ ಕೋಡು ಬೇಕು, ರೈತನಿಗೆ ಅದಿಲ್ಲ. ತಗಡಿನ ಫೋಟೊ ತರಿಸಿಕೊಂಡು ನಾನು ಇಲ್ಲಿಯ ಡೀಲರ ಹತ್ತಿರ ಹೋದೆ. ಐದು ನಿಮಿಷದಲ್ಲಿ ನಂಬರು ಸಿಕ್ಕಿತು, ನಾಲ್ಕನೇ ದಿನ ತೋಟದಲ್ಲಿ ಮೆಷಿನ್ನು ಸದ್ದು ಮಾಡಿತು. ಬೇರೆ ರಾಜ್ಯದಲ್ಲಿ ಕೂತ ಅಣ್ಣನಿಲ್ಲದ ರೈತರು ಏನು ಮಾಡಬೇಕು?

ಈ ಪ್ರಶ್ನೆ ಸರ್ಕಾರಕ್ಕೂ ತಟ್ಟಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರ್ 24ರಂದು ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಒಂದು. ಒಳ್ಳೆಯ ಆರಂಭ. ಬಿಚ್ಚಿಟ್ಟ ಇಂಜಿನ್ನಿನ ಆ ಚಿತ್ರ ಡೀಲರ ಕೋಡಿಲ್ಲದೆಯೇ ತೆರೆಯುವಂತಾಗಬೇಕು; ಕನ್ನಡ, ತೆಲುಗಿನಲ್ಲಿ ಹೆಸರುಗಳಿರಬೇಕು. ಜೊತೆಗೆ, ಗಾಜುವಾಕದ ಆ ಮುದುಕರ ಅಟ್ಟಕ್ಕೂ ಯಾವುದಾದರೂ ಬ್ಯಾಂಕು ಸ್ವಲ್ಪ ಸಾಲ ಕೊಡುತ್ತಿರಬೇಕು. ಎರಡೂ ಇದ್ದರೇ ಗಾಳಿಮಳೆಯ ದಿನಕ್ಕೂ ಮಾಮೂಲಿ ದಿನಕ್ಕೂ ಸರಿಹೋದೀತು.