ಎಡಗಡೆ ಬಿಟ್ಟ ಜಾಗ

2014ರ ಫೆಬ್ರವರಿ 21. ಆಪಲ್ ಕಂಪನಿ ಐಫೋನ್‌ಗಳಿಗೆ ತುರ್ತಾಗಿ ಒಂದು ಅಪ್‌ಡೇಟ್ ಬಿಟ್ಟಿತು. ಆಗಿದ್ದೇನು ಗೊತ್ತಾ? ಕೋಡ್‌ನಲ್ಲಿ 'ಗೋಟು ಫೇಲ್' ಅನ್ನೋ ಸಾಲು ಒಂದರ ಕೆಳಗೊಂದು ಎರಡು ಸಲ ಬಂದಿತ್ತು. ಮೊದಲನೇದಕ್ಕೆ ಷರತ್ತು ಇತ್ತು, ಎರಡನೇದಕ್ಕೆ ಇರಲಿಲ್ಲ. ಆದರೆ ಎರಡಕ್ಕೂ ಎಡಗಡೆ ಒಂದೇ ಅಳತೆಯ ಜಾಗ, ಅಂದರೆ ಇಂಡೆಂಟೇಶನ್. ಓದುವವರ ಕಣ್ಣಿಗೆ ಎರಡೂ ಷರತ್ತಿನೊಳಗೇ ಕಂಡವು. ಸಿ ಭಾಷೆಗೆ ಆ ಜಾಗ ಲೆಕ್ಕಕ್ಕೇ ಇಲ್ಲ. ಹಾಗಾಗಿ ಸರ್ವರ್ ಅಸಲಿಯೋ ನಕಲಿಯೋ ಅನ್ನೋ ಸಹಿ ಪರೀಕ್ಷೆ ತಪ್ಪಿಹೋಯ್ತು. ನಮ್ಮ ಪಾಸ್‌ವರ್ಡ್‌ಗಳು ಕಳ್ಳರ ಕೈಗೆಟುಕುವಂತಾದವು.

ಗೈಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್‌ನಲ್ಲಿ ಈ ಜಾಗವೇ ವ್ಯಾಕರಣ. ಸಿ ಕೋಡ್‌ನಲ್ಲಿ ಜಾಗ ದಾರಿ ತಪ್ಪಿಸಿದರೆ ಎಚ್ಚರಿಸೋ ಸೌಲಭ್ಯ ಜಿಸಿಸಿ ಕಂಪೈಲರ್‌ಗೆ ಬಂದಿದ್ದು 2016ರಲ್ಲಿ. ಕಣ್ಣಿಗೆ ಕಾಣೋದೂ ಮೆಷಿನ್ ಮಾಡೋದೂ ಒಂದೇ ಆಗಿರಬೇಕು, ಸ್ವಾಮಿ!