ದವಡೆಹಲ್ಲಿನ ತೆರವು: ಸುರಪುರ ಸೀಮೆಯಿಂದ ಒಂದು ವಿಚಾರ

ಸುರಪುರ ಸೀಮೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1997ರಿಂದ ನಡೆಸಿದ ಉತ್ಖನನದಿಂದ ಆದಿಮಾನವನು ಸುಣ್ಣಕಲ್ಲನ್ನೊಡೆದು ಆಯುಧ ಮಾಡುತ್ತಿದ್ದ ನೆಲೆಯೊಂದು ಬೆಳಕಿಗೆ ಬಂದಿತು. ಅದರ ಕಾಲವನ್ನು ನುಡಿದುದು ಕಲ್ಲಲ್ಲ. ಅಲ್ಲಿ ದೊರೆತ ಸಸ್ಯಾಹಾರಿ ಪ್ರಾಣಿಗಳ ಹಲ್ಲಿನ ಎನಾಮೆಲ್. 2002ರಲ್ಲಿ ಪ್ರಕಟವಾದ ಗಣನೆಯಂತೆ ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದು.

ಮಣ್ಣಿನಲ್ಲಿ ಇಷ್ಟು ಬಾಳುವ ಹಲ್ಲು ಬದುಕಿರುವವನ ಬಾಯಲ್ಲಿ ಐವತ್ತು ವರ್ಷ ನಿಲ್ಲದಿರುವುದು ವಿಚಿತ್ರವೇ ಸರಿ. ಯಾದಗಿರಿ, ಶಹಾಪುರ, ಸುರಪುರಗಳ ಊಟ ಜೋಳದ ರೊಟ್ಟಿಯದು. ಖಡಕ್ ರೊಟ್ಟಿಯನ್ನು ಮುಂದಿನ ಹಲ್ಲು ಮುರಿದೀತು, ಅರೆಯಬೇಕಾದುದು ದವಡೆಹಲ್ಲೇ. ಆದರೂ ಅದು ಬಿದ್ದರೆ, ನಗುವಾಗ ಕಾಣುವುದಿಲ್ಲವೆಂದು ಸುಮ್ಮನಾಗುವವರನ್ನು ನಾನು ಬಹಳ ಕಂಡಿದ್ದೇನೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಪಕ್ಕದ ಹಲ್ಲು ತೆರವಿನತ್ತ ವಾಲುತ್ತದೆ, ಎದುರಿನದು ಅದರೊಳಕ್ಕೆ ಇಳಿಯುತ್ತದೆ ಇಲ್ಲವೆ ಏರುತ್ತದೆ, ಬೇರಿಲ್ಲದ ಎಲುಬು ಸವೆಯುತ್ತದೆ.

ಇತಿಹಾಸವೂ ಮುಂದಿನ ಹಲ್ಲಿಗೇ ಮಣೆ ಹಾಕಿದೆ. ಹೊಂಡುರಾಸಿನಲ್ಲಿ 1931ರಲ್ಲಿ ದೊರೆತ ಮಾಯಾ ಜನರ ದವಡೆಯ ತುಣುಕಿನಲ್ಲಿ ಚಿಪ್ಪಿನಿಂದ ಮಾಡಿ ನೆಟ್ಟಿದ್ದುದು ಬಾಚಿಹಲ್ಲುಗಳನ್ನೇ. ಲೋಹವೂ ಎಲುಬೂ ಬೆಸೆದುಕೊಳ್ಳಬಲ್ಲವೆಂಬುದನ್ನು ಸ್ವೀಡನ್ನಿನ ಬ್ರೊನೆಮಾರ್ಕರು 1952ರಲ್ಲಿ ಆಕಸ್ಮಿಕವಾಗಿ ಕಂಡುಕೊಂಡರು: ರಕ್ತಸಂಚಾರವನ್ನು ನೋಡಲೆಂದು ಮೊಲದ ಕಾಲೆಲುಬಿನಲ್ಲಿಟ್ಟ ಟೈಟೇನಿಯಂ ಸಾಧನವು ಕೀಳಲು ಬರಲಿಲ್ಲ. 1965ರಲ್ಲಿ ಅವರು ಮನುಷ್ಯನ ದವಡೆಯಲ್ಲಿ ಟೈಟೇನಿಯಂ ಬೇರನ್ನು ನೆಟ್ಟರು. ಒಂದೇ ಹಲ್ಲಿಗೆ, ಅದರಲ್ಲಿಯೂ ಅತಿ ಭಾರ ಹೊರುವ ದವಡೆಹಲ್ಲಿಗೆ, ಅದನ್ನು ಬಳಸುವ ಧೈರ್ಯ ಬಂದುದು ಆಮೇಲೆ.

ಹಳೆಯ ಸೇತುವೆಯ ಪದ್ಧತಿಯಲ್ಲಿ ಎರಡೂ ಪಕ್ಕದ ಗಟ್ಟಿ ಹಲ್ಲುಗಳನ್ನು ಅರೆದು ಕಿರಿದುಗೊಳಿಸಬೇಕು. ಒಂದರ ನಷ್ಟಕ್ಕೆ ಎರಡು ದಂಡ ತೆರುವ ಈ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ನೆಟ್ಟ ಬೇರಿಗೆ ಅದು ಬೇಡ. ಬೇಕಾದುದು ಎಲುಬು ಮತ್ತು ತಾಳ್ಮೆ. ಎಲುಬು ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಅನಂತರ ಮೇಲಿನ ಹಲ್ಲು. ಹೊಗೆಸೊಪ್ಪಿನ ಚಟವೂ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಈ ಬೆಸುಗೆಗೆ ಅಡ್ಡಿ.

ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಎಲುಬಿನ ಸವೆತ ಹೆಚ್ಚು. ಹತ್ತು ವರ್ಷ ಕಳೆದು ನಮ್ಮ ಸೀಮೆಯವನೊಬ್ಬನು ಕಲಬುರಗಿಯ ದಂತವೈದ್ಯ ಕಾಲೇಜಿಗೆ ಹೋದಾಗ, ಮೇಲ್ದವಡೆಯಲ್ಲಿ ಗಾಳಿಗೂಡಿಗೂ ಕೆಳದವಡೆಯಲ್ಲಿ ನರಕ್ಕೂ ತಾಗದಂತೆ ಬೇರನ್ನು ಇಳಿಸುವಷ್ಟು ಎಲುಬು ಉಳಿದಿದೆಯೇ ಎಂದು ವೈದ್ಯರು ಮೊದಲು ಅಳೆಯಬೇಕಾಗುತ್ತದೆ; ಇಲ್ಲವಾದರೆ ಎಲುಬನ್ನೇ ಕಸಿ ಮಾಡಬೇಕು, ಖರ್ಚೂ ಏರುತ್ತದೆ.